ಮೇಣದ ತಪ್ಪು

ಹದಿನಾಲ್ಕು ವರ್ಷ ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹಿಮದ ಇಳಿಜಾರು ಇಳಿದ ವೆಂಡೆಲಿನ್‌ಗೆ ತನ್ನೂರಿನ ಒಂದು ಶೆಡ್ಡಿನ ಮುಂದೆ ಹಾದುಹೋಗುವ ಧೈರ್ಯ ಇರಲಿಲ್ಲ. ಬ್ರೆಡ್ಡು ತರಲೂ ಚರ್ಚಿನ ಹಿಂದಿನಿಂದ ಸುತ್ತು ಹಾಕುತ್ತಿದ್ದ. ಶೆಡ್ಡಿನಲ್ಲಿ ಗೆಬ್‌ಹಾರ್ಡ್ ಪ್ರವಾಸಿಗರ ಬಾಡಿಗೆ ಸ್ಕೀಗಳ ಅಂಚು ಮಸೆಯುತ್ತಿದ್ದ. ಜೊತೆಯಲ್ಲೇ ಶಾಲೆಗೆ ಹೋದವನು. ಒಂದು ಕಾಲಕ್ಕೆ ಸ್ಕೀ ಕಂಪನಿಯ ನೌಕರನಾಗಿ ವೆಂಡೆಲಿನ್‌ನ ಸ್ಕೀಗಳ ತಳಕ್ಕೆ, ಹಿಮದ ಮೇಲೆ ಸಲೀಸಾಗಿ ಜಾರಲೆಂದು, ಮೇಣ ಹಚ್ಚಿ ಸಜ್ಜು ಮಾಡುತ್ತಿದ್ದವನೂ ಅವನೇ.

ಆಗ ವೆಂಡೆಲಿನ್‌ಗೆ ಇಪ್ಪತ್ತೊಂಬತ್ತು. ಊರ ಬೆಟ್ಟದ ಮೇಲೇ ವಿಶ್ವಕಪ್ ಡೌನ್‌ಹಿಲ್ ಸ್ಪರ್ಧೆ. ಅರ್ಧ ದಾರಿಗೆ ಅವನೇ ಮುಂದು. ಹಿಂದಿನ ದಿನ ದೊಡ್ಡ ಜಿಗಿತದಲ್ಲಿ ಬಿದ್ದ ಗೆಳೆಯನನ್ನು ಹೆಲಿಕಾಪ್ಟರಿನಲ್ಲಿ ಒಯ್ದಿದ್ದರು. ಅದೇ ಜಿಗಿತ ಹತ್ತಿರವಾದಾಗ ವೆಂಡೆಲಿನ್‌ಗೆ ಜೀವ ಬಾಯಿಗೆ ಬಂತು. ಮಂಜು ಮುಸುಕಿ ಯಾವ ಕ್ಯಾಮೆರಾಕ್ಕೂ ಕಾಣದಿದ್ದ ತಿರುವಿನಲ್ಲಿ ಸ್ಕೀ ಅಡ್ಡ ತಿರುಗಿಸಿ ಬ್ರೇಕ್ ಹಾಕಿದ. ಹನ್ನೊಂದನೆಯವನಾಗಿ ಕೆಳಗಿಳಿದಾಗ ಟೀವಿಯವರು ಮೈಕು ಹಿಡಿದರು.

"ಸ್ಕೀ ಓಡ್ಲೇ ಇಲ್ಲ. ಮೇಣ ತಪ್ಪಿತ್ತು ಅನ್ಸತ್ತೆ" ಅಂದುಬಿಟ್ಟ. ಸೋತವರೆಲ್ಲ ಆಡುವ ಮಾತೇ ಅದು. ಆದರೆ ಚಳಿಗಾಲ ಮುಗಿಯುವಷ್ಟರಲ್ಲಿ ಸ್ಕೀ ಕಂಪನಿ ಗೆಬ್‌ಹಾರ್ಡ್‌ನನ್ನು ಮನೆಗೆ ಕಳಿಸಿತು. ವೆಂಡೆಲಿನ್ ತುಟಿ ಪಿಟಕ್ಕೆನ್ನಲಿಲ್ಲ.

ಇಪ್ಪತ್ತೆರಡು ವರ್ಷವಾದ ಮೇಲೆ ಊರಿನ ಸ್ಕೀ ಕ್ಲಬ್ ಅವನಿಗೆ ಸನ್ಮಾನ ಇಟ್ಟುಕೊಂಡಿತು. ಆ ಬೆಳಿಗ್ಗೆ ತಡೆಯಲಾರದೆ ಶೆಡ್ಡಿಗೆ ಹೋದ.

"ಅವತ್ತು ಮೇಣದ್ದೇನೂ ತಪ್ಪಿರ್ಲಿಲ್ಲ ಕಣೋ. ನಾನೇ ಹೆದ್ರಿ ಬ್ರೇಕ್ ಹಾಕ್ದೆ."

ಗೆಬ್‌ಹಾರ್ಡ್ ಕೈಯಲ್ಲಿದ್ದ ಅರ ಕೆಳಗಿಡಲಿಲ್ಲ. "ಗೊತ್ತು. ನಿನ್ನ ಸ್ಕೀ ತಳ ಅಂಚಿನ ಪಕ್ಕ ಹಿಮಕ್ಕೆ ಉಜ್ಜಿ ಬೆಳ್ಳಗೆ ಸುಟ್ಟಿತ್ತು. ಬ್ರೇಕ್ ಹಾಕ್ದೆ ನೇರ ಬಿಟ್ಟೋನ ಸ್ಕೀ ಹಂಗಾಗಲ್ಲ. ಕಂಪ್ನಿಯೋರು ನೋಡೋದ್ರೊಳಗೆ ಕೆರೆದು ಮೇಣ ಹಚ್ಚಿಟ್ಟೆ."

"ತೋರಿಸ್ಬೇಕಿತ್ತು ನೀನು. ಕೆಲ್ಸ ಉಳೀತಿತ್ತು."

"ನೀನೇ ಹೇಳ್ತೀಯ ಅಂದ್ಕೊಂಡಿದ್ದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ವೆಂಡೆಲಿನ್‌ಗೆ. "ಈಗ ಹೇಳಿದ್ನಲ್ಲ."

"ನನಗೆ ಹೇಳಿ ಏನ್ ಬಂತು? ನನಗೆ ಮೊದ್ಲೇ ಗೊತ್ತಿತ್ತಲ್ಲ."

ಮಧ್ಯಾಹ್ನ ಕ್ಲಬ್ಬಿನಲ್ಲಿ ಊರೆಲ್ಲ ಸೇರಿತ್ತು. ಅಧ್ಯಕ್ಷ ಬಿಯರಿನ ಲೋಟ ಎತ್ತಿ, "ಅವತ್ತೊಂದಿನ ನಮ್ಮ ಗೆಬ್‌ಹಾರ್ಡ್ ಮೇಣ ಸರಿಯಾಗಿ ಮೆತ್ತಿದ್ದಿದ್ರೆ ಊರಿಗೆ ಕಪ್ ಬರ್ತಿತ್ತು" ಅಂದ. ಎಲ್ಲರೂ ನಕ್ಕರು. ಕೊನೆಯ ಮೇಜಿನಲ್ಲಿದ್ದ ಗೆಬ್‌ಹಾರ್ಡ್ ನಗಲಿಲ್ಲ, ವೆಂಡೆಲಿನ್‌ನನ್ನೇ ನೋಡುತ್ತಿದ್ದ.

ಮೈಕು ವೆಂಡೆಲಿನ್‌ನ ಕೈಗೆ ಬಂತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮುಂದಿನ ಸಾಲಿನಲ್ಲಿ ಮಗಳು ಹೆಮ್ಮೆಯಿಂದ ಫೋನೆತ್ತಿ ಚಿತ್ರ ತೆಗೆಯುತ್ತಿದ್ದಳು.

"ಎಲ್ಲರಿಗೂ ತುಂಬಾ ಥ್ಯಾಂಕ್ಸ್" ಎಂದು ಕೂತುಬಿಟ್ಟ.

ನಾಚಿಕೆಯಿಂದ ಅವನ ಮುಖ ಕೆಂಪಾಗಿತ್ತು. ಜನ ಅದನ್ನು ವಿನಯ ಅಂದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು, ಗೆಬ್‌ಹಾರ್ಡ್ ಕೂಡ.