ಸುನಂದಾಳ ಗುಳಿಗೆಗಳು

ಚೇತನಾ ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಅಣೆಕಟ್ಟಿನ ಹಿನ್ನೀರಿಗೆ ಮನೆ ಮುಳುಗಿದ ಮೇಲೆ ನವನಗರಕ್ಕೆ ಬಂದವಳು. ೨೦೦೪ರಲ್ಲಿ ಅವಳು ಮಿದುಳಿನ ಕಾಯಿಲೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಮೂರ್ಛೆರೋಗ ಇದ್ದವರ ನೆನಪಿನ ಶಕ್ತಿ ಎಷ್ಟು ಕುಂದುತ್ತದೆ ಎಂಬುದು ಅವಳ ವಿಷಯ. ಹತ್ತು ಪದ ಓದಿ ಹೇಳುವುದು, ಇಪ್ಪತ್ತು ನಿಮಿಷ ಬಿಟ್ಟು ಎಷ್ಟು ನೆನಪಿವೆ ಎಂದು ಕೇಳುವುದು. ಪರೀಕ್ಷೆ ಸುಲಭ, ರೋಗಿಗಳು ಸಿಗುವುದೇ ಕಷ್ಟ. ಫಿಟ್ಸ್ ಅಂದಕೂಡಲೇ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಇಳಕಲ್ಲಿನ ಸುನಂದಾ ಒಂದು ಷರತ್ತಿನ ಮೇಲೆ ಒಪ್ಪಿದಳು. ಅವಳ ಮದುವೆಯಾಗಿ ಎರಡು ವರ್ಷ. ಗಂಡ ಪ್ರಭು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಇವಳು ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹನ್ನೆರಡನೇ ವಯಸ್ಸಿನಿಂದ ತನಗೆ ಫಿಟ್ಸ್ ಇರುವುದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಗುಳಿಗೆಗಳನ್ನು ಕೆರೂರಿನಿಂದ ಅಣ್ಣ ಶಂಕ್ರಪ್ಪ ಗುಟ್ಟಾಗಿ ತಂದುಕೊಡುತ್ತಿದ್ದ. ಚೇತನಾಳಿಗೆ ಅವಳ ವಿಳಾಸ ಕೊಟ್ಟವನೂ ಅವನೇ.

ನೆನಪಿನ ಪರೀಕ್ಷೆ ಅಂತಷ್ಟೇ ತಿಳಿದಿದ್ದ ಅತ್ತೆ ಸಂಗವ್ವ ಒಳಗೆ ಹೋದಾಗ ಸುನಂದಾ ಮೆಲ್ಲಗೆ ಅಂದಳು, “ಅಕ್ಕಾರ, ನನ್ನ ಸುದ್ದಿ ಈ ಮನ್ಯಾಗ ಯಾರ ಮುಂದೂ ಬ್ಯಾಡ್ರಿ.” ಚೇತನಾ ಮಾತು ಕೊಟ್ಟಳು.

ಎರಡನೇ ಸಲ ಹೋದಾಗ ಗುಳಿಗೆ ತೀರಿ ನಾಲ್ಕು ದಿನವಾಗಿತ್ತು. ಅಣ್ಣ ಬಂದಿರಲಿಲ್ಲ. ಔಷಧ ಏಕಾಏಕಿ ನಿಂತರೆ ಏನಾಗಬಹುದೆಂದು ಚೇತನಾ ಪುಟಗಟ್ಟಲೆ ಓದಿದ್ದಳು. ಗೈಡಿಗೆ ಫೋನ್ ಮಾಡಿದಳು. ನೀನು ಡಾಕ್ಟರಲ್ಲ, ಔಷಧ ಕೊಡುವ ಹಾಗಿಲ್ಲ, ದವಾಖಾನೆಗೆ ಹೋಗಲು ಹೇಳು ಅಂದರು ಅವರು. ಆದರೆ ಆ ಹುಡುಗಿ ಯಾವ ನೆಪ ಹೇಳಿ ಹೋಗಬೇಕು?

ಒಂದು ದಿನ ಚೇತನಾ ಹೇಗೋ ತಡೆದುಕೊಂಡಳು. ಮರುದಿನ ಬೆಳಿಗ್ಗೆಯೇ ಕೆರೂರಿಗೆ ಹೋದಳು. ಶಂಕ್ರಪ್ಪ ಜ್ವರ ಬಂದು ಮಲಗಿದ್ದ. ಗುಳಿಗೆಗಳು, ಡಾಕ್ಟರ ಚೀಟಿ ಎಲ್ಲ ಅವನ ದಿಂಬಿನ ಹತ್ತಿರವೇ ಇದ್ದವು. ಅವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಬದಲಿಸಿ ಇಳಕಲ್ಲಿಗೆ ಬಂದಳು.

ಓಣಿಯ ತುದಿಗೇ ಗದ್ದಲ ಕೇಳಿತು. ಸುನಂದಾ ರಾಟೆಯ ಪಕ್ಕ ಬಿದ್ದಿದ್ದಳು, ಕೈಕಾಲು ಸೆಟೆದು ಅದುರುತ್ತಿದ್ದವು. ಪ್ರಭು ಪೇಟೆಗೆ ಹೋಗಿದ್ದ. ಸಂಗವ್ವ ಸೊಸೆಯ ಮುಷ್ಟಿಗೆ ಕೀಲಿಕೈ ತುರುಕಿ, ಹಲ್ಲಿನ ನಡುವೆ ಚಮಚ ಹಾಕಲು ನೋಡುತ್ತಿದ್ದಳು.

“ಯವ್ವಾ, ಬಾಯಾಗ ಏನೂ ಹಾಕಬ್ಯಾಡ್ರಿ,” ಎಂದು ಚೇತನಾ ಚಮಚ ಕಸಿದುಕೊಂಡಳು. ಸುನಂದಾಳನ್ನು ಒಂದು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡತೊಡಗಿದಳು. ಮೂರು ನಿಮಿಷ. ಐದು. ಐದು ದಾಟಿದರೆ ಜೀವಕ್ಕೇ ಅಪಾಯ. ನಿಲ್ಲಲಿಲ್ಲ. ನೆರೆಮನೆಯ ಮಲೀಕಸಾಬ ತನ್ನ ಟಂಟಂ ಆಟೋ ತಂದು ನಿಲ್ಲಿಸಿದ. ದಾರಿಯುದ್ದಕ್ಕೂ ಚೇತನಾ ಅವಳ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡೇ ಇದ್ದಳು. ತುಟಿ ನೀಲಿಗಟ್ಟುತ್ತಿತ್ತು.

ದವಾಖಾನೆಯಲ್ಲಿ ಸೂಜಿ ತುಂಬಿಸುತ್ತಲೇ ಡಾಕ್ಟರು ಕೇಳಿದರು, ಮೊದಲು ಬಂದಿತ್ತೇ, ಯಾವ ಗುಳಿಗೆ? ಜೊತೆಗೆ ಬಂದಿದ್ದ ಸಂಗವ್ವ ಇದು ಮೊದಲನೇ ಸಲ ಅಂದಳು. ಚೇತನಾಳಿಗೆ ತಾನು ಕೊಟ್ಟ ಮಾತು ನೆನಪಾಯಿತು. ಆದರೂ ಚೀಲದೊಳಗಿನ ಚೀಟಿಯನ್ನು ಡಾಕ್ಟರ ಕೈಗಿಟ್ಟಳು.

ಇಪ್ಪತ್ತನೇ ನಿಮಿಷಕ್ಕೆ ಅದುರುವುದು ನಿಂತಿತು.

“ನಿನಗ ಮೊದಲ ಗೊತ್ತಿತ್ತಾ?” ಎಂದಳು ಸಂಗವ್ವ.

“ಅದನ್ನ ಆಕಿನ ಹೇಳಬೇಕ್ರಿ.”

ಸಂಗವ್ವನಿಗೆ ಅಷ್ಟೇ ಸಾಕಾಯಿತು. ಮೂರನೇ ದಿನ ಸುನಂದಾಳನ್ನು ತವರಿಗೆ, ಕೆರೂರಿಗೆ ಕಳಿಸಿದರು. ಮಾತು ಮುರಿದದ್ದು, ಔಷಧ ಮುಟ್ಟಿಸಿದ್ದು ಎಲ್ಲವನ್ನೂ ಚೇತನಾ ಗೈಡಿಗೆ ಬರೆದು ತಿಳಿಸಿದಳು. ನಿಯಮ ಮೀರಿದ್ದಕ್ಕೆ ಸುನಂದಾಳ ಪರೀಕ್ಷೆಯ ಹಾಳೆಗಳನ್ನು ಅವರು ಪ್ರಬಂಧದಿಂದ ತೆಗೆಸಿದರು. ಅದು ಅವಳಿಗೆ ದೊಡ್ಡದೆನಿಸಲಿಲ್ಲ. ಒಂದು ಸಂಸಾರ ಒಡೆದೆನೇ ಎಂಬ ಚಿಂತೆಗೆ ಊಟ ಸೇರದಾಯಿತು.

ತಿಂಗಳ ಮೇಲೆ ಪ್ರಭು ವಿಳಾಸ ಹುಡುಕಿಕೊಂಡು ನವನಗರಕ್ಕೆ ಬಂದ. ಹುಟ್ಟುವ ಮಕ್ಕಳಿಗೂ ಇದು ಬರುತ್ತದೆಯೇ ಎಂದು ಕೇಳಿದ. ಬಹಳಷ್ಟು ಮಕ್ಕಳಿಗೆ ಬರುವುದಿಲ್ಲ, ಗುಳಿಗೆ ಮಾತ್ರ ತಪ್ಪಬಾರದು, ಬಸುರಿಯಾಗುವ ಮೊದಲೇ ಡಾಕ್ಟರನ್ನು ಕಾಣಬೇಕು ಎಂದು ಚೇತನಾ ಬಿಡಿಸಿ ಹೇಳಿದಳು.

“ಮತ್ತ ನನ್ನಿಂದ ಯಾಕ ಮುಚ್ಚಿಟ್ಟಳ್ರಿ?”

“ಮೊದಲ ಹೇಳಿದ್ರ ನೀವು ಲಗ್ನ ಆಗ್ತಿದ್ರೇನ್ರಿ?”

ಪ್ರಭು ಕೆರೂರಿಗೆ ಬಸ್ಸು ಎಷ್ಟೊತ್ತಿಗಿದೆ ಎಂದು ಕೇಳಿದ.

ಸುನಂದಾ ಮರಳಿ ಬಂದಳು. ೨೦೦೭ರಲ್ಲಿ ಚೇತನಾಳ ಪ್ರಬಂಧಕ್ಕೆ ಪದವಿ ಸಿಕ್ಕಿತು. ಆ ವರ್ಷವೇ ಸುನಂದಾಳಿಗೆ ಹೆಣ್ಣುಮಗು ಹುಟ್ಟಿತು. ಸಂಗವ್ವ ಚೇತನಾಳನ್ನು ಮಾತನಾಡಿಸುವುದನ್ನು ಬಿಟ್ಟಿದ್ದಳು. ಆದರೂ ಸೊಸೆಗೆ ಗುಳಿಗೆ ತೆಗೆದುಕೊಳ್ಳುವ ಹೊತ್ತಾದಾಗ ನೀರಿನ ತಂಬಿಗೆ ಹಿಡಿದು ನಿಲ್ಲುತ್ತಿದ್ದವಳು ಅವಳೇ.