ದೀಪಕ್ಕೆ ಬೆನ್ನು ಮಾಡಿ ನಿಂತವರು

2024ರ ಏಪ್ರಿಲ್ 28, ಭಾನುವಾರ, ಬೆಳಿಗ್ಗೆ ಹನ್ನೊಂದು ಹತ್ತು. ನನ್ನ ದಿನಚರಿಯಲ್ಲಿ ಚಾಚಾ ಮೊದಲು ಕಾಣಿಸಿಕೊಂಡದ್ದು ಆವತ್ತು, ಅದೂ ಬೆನ್ನಾಗಿ. ಇಂಡಿ ಪಟ್ಟಣದ ಹೊರಗಿನ ತಮ್ಮ ನಿಂಬೆ ತೋಟದ ಬದುವಿನ ಮೇಲೆ, ಉರಿಬಿಸಿಲಲ್ಲಿ, ಆಚೆ ಮುಖ ಮಾಡಿ ನಿಂತಿದ್ದರು. ಹಿಂದೆ ಕಟ್ಟಿಕೊಂಡ ಕೈಗಳ ಬೆರಳು ಸುಮ್ಮನಿರಲಿಲ್ಲ. ಇಲ್ಲದ ತಂತಿಯೊಂದನ್ನು ಸುತ್ತುತ್ತಲೇ ಇದ್ದವು. ತಾಮ್ರದ ತಂತಿ ಎಳೆದೆಳೆದು ತೋರುಬೆರಳಲ್ಲಿ ಒಂದು ಗೆರೆ ಕೊರೆದಿತ್ತು.

"ಡಬ್ಬಿಯೊಳಗ ಬಗ್ಗಿ ನೋಡು ಬೇಟಿ. ದೀಪ ಹತ್ತಿತೇನು?"

"ಇಲ್ರಿ ಚಾಚಾ."

"ಕೈ ಅಡ್ಡ ಹಿಡಿ. ಬಿಸಲು ಒಳಗ ಬೀಳತೈತಿ."

"ಹಿಡದೇನ್ರಿ. ಹತ್ತಿಲ್ಲ. ನೀವಾ ಒಂದ್ಸಲ ನೋಡ್ರಲ್ಲ."

"ನನ್ನ ಕಣ್ಣಿಗೆ ಆಶೆ ಭಾಳ. ಇಲ್ಲದ್ದೂ ಕಾಣತೈತಿ. ಅದಕ್ಕ ನಿನ್ನ ಕರದೇನಿ."

ಚಾಚಾ ನಮ್ಮ ಪಕ್ಕದ ಮನೆಯವರು, ನಿಂಬೆಹಣ್ಣಿನ ವ್ಯಾಪಾರಿ. ಮಾರುಕಟ್ಟೆಯಲ್ಲಿ ಬೆಳಗಿನ ಸವಾಲು, ಅಂದರೆ ಹರಾಜು, ಮುಗಿದರೆ ಉಳಿದ ಹೊತ್ತೆಲ್ಲ ತಂತಿಯದು. ಕುಳಿತು ಒಂದು ಕಪ್ ಚಹಾ ಮುಗಿಸಿದ್ದನ್ನು ನಾನು ಕಂಡಿಲ್ಲ. ಅರ್ಧಕ್ಕೆ ಎದ್ದು ಹೋಗಿ ಏನನ್ನೋ ತಿರುಗಿಸಿ ಬರುತ್ತಿದ್ದರು. ತೋಟದ ಒಂದು ತುದಿಯಲ್ಲಿ ಕರೆಂಟು ಕೊಟ್ಟ ತಾಮ್ರದ ತಂತಿಯ ಚಪ್ಪಟೆ ಸುರುಳಿ, ಇನ್ನೊಂದು ತುದಿಯಲ್ಲಿ ಅಂಥದ್ದೇ ಮತ್ತೊಂದು, ಅದಕ್ಕೆ ಖಾಲಿ ಎಣ್ಣೆ ಡಬ್ಬಿಯೊಳಗೆ ಪುಟ್ಟ ಎಲ್ಇಡಿ ದೀಪ. ನಡುವೆ ಒಂದೇ ಒಂದು ತಂತಿ.

"ಬಸ್ ಬಾಗಲಾಗ ಸಾಲು ನಿಂತಿರತಾರಲ್ಲ," ಅನ್ನುತ್ತಿದ್ದರು, "ಹಿಂದಿನಾಂವ ನೂಕಿದ್ರ ಮುಂದಿನಾಂವ ಒಳಗ ಬೀಳತಾನ. ಕರೆಂಟೂ ಹಂಗ ತಂತಿ ಉದ್ದಕ್ಕ ನೂಕ್ಕೊಂತ ಹೋಗಬೇಕು. ವಾಪಸ್ ಬರಾಕ ಎರಡನೇ ತಂತಿ ಯಾಕ?" ಎರಡೂ ಸುರುಳಿ ಒಂದೇ ತಾಳಕ್ಕೆ ಬರಬೇಕು, ಅಷ್ಟೇ. ತಾಳ ಕೂಡಿಸಲು ಮುದ್ದೇಬಿಹಾಳದಿಂದ ಹಳೇ ರೇಡಿಯೊದ ಸ್ಟೇಷನ್ ತಿರುಗಿಸುವ ಕಂಡೆನ್ಸರ್ ತಂದಿದ್ದರು.

ಎರಡೂ ತುದಿಗೆ ತಾಮ್ರದ ತಗಡು ಹೂಳಿದರೆ ದೀಪ ಹತ್ತುತ್ತಿತ್ತು. ಓಣಿಯವರೆಲ್ಲ ನೋಡಿದ್ದರು. ಆದರೆ ಆಗ ನೆಲವೇ ಎರಡನೇ ತಂತಿಯಾಗಿರಬಹುದು ಎಂದು ಚಾಚಾ ತಾವೇ ಹೇಳುತ್ತಿದ್ದರು. ತಗಡು ಕಿತ್ತ ಮೇಲೂ ಹತ್ತಬೇಕು. ಹಾಗಾದರೆ ಮಾತ್ರ ಅವರ ಮಾತು ನಿಜ. ಚಳಿಗಾಲದಲ್ಲಿ ಹಾಗೂ ಹತ್ತಿತ್ತು, ಎಷ್ಟೋ ಸಲ. ನೋಡಿದವರು ಚಾಚಿ ಒಬ್ಬರೇ. ಅದನ್ನು ನಂಬಿ ಸಿಂದಗಿಯ ಭೌತಶಾಸ್ತ್ರದ ಉಪನ್ಯಾಸಕರೊಬ್ಬರನ್ನು ಮುಂದಿನ ಭಾನುವಾರಕ್ಕೆ ಕರೆದಿದ್ದರು. "ಒಂದ್ ತಂತಿ ಮಾವ" ಎಂದು ನಗುತ್ತಿದ್ದ ಓಣಿಯೂ ಅವತ್ತು ಬರುವುದಿತ್ತು.

ಆ ವಾರವಿಡೀ ಬಗ್ಗಿ ನೋಡಿದವಳು ನಾನು; ದೀಪ ಹತ್ತಲಿಲ್ಲ. ಸುರುಳಿ ಬಿಚ್ಚಿದರು, ಮತ್ತೆ ಸುತ್ತಿದರು. ಊಟ ಬಿಟ್ಟರು. ಕಪ್ಪು ಎರೆ ಭೂಮಿ ಬಿರಿದದ್ದಕ್ಕೋ, ಬಿಸಿಲಿಗೋ ಎಂದು ತಮ್ಮೊಳಗೇ ವಾದ ಮಾಡಿದರು. ನನಗೆ ಯಾವುದಕ್ಕೂ ಹೊತ್ತು ಬರೆದಿಡುವ ರೂಢಿ. ಶನಿವಾರ ಬುತ್ತಿ ಬಿಚ್ಚುತ್ತಿದ್ದ ಚಾಚಿಯನ್ನು ಕೇಳಿದೆ, "ನೀವು ನೋಡಿದಾಗ ಎಷ್ಟ್ ಗಂಟೆ ಆಗಿರತಿತ್ತರಿ?"

"ಊಟದ ಹೊತ್ತು."

"ದಿನಾನೂ?"

ಚಾಚಿ ಸೆರಗು ಬಾಯಿಗಿಟ್ಟುಕೊಂಡರು. "ನಾ ಇಲ್ಲ ಅಂದ್ರ ಇವ್ರು ಉಣ್ಣಾಕ ಬರ್ತಿದ್ದಿಲ್ಲವಾ. ಎಣಗಾಯಿ ಆರಿ ಹೋಗತಿತ್ತು. ಒಂದಿನ ಹತ್ತೈತಿ ಅಂದೆ, ಓಡಿ ಬಂದು ಉಂಡ್ರು. ಆಮ್ಯಾಲ ಅದಾ ರೂಢಿ ಆತು."

ಚಾಚಾ ಹಿಂದೆಯೇ ನಿಂತಿದ್ದರು. "ಎಷ್ಟ್ ಸಲ ಅಂದಿ?"

"ಎಷ್ಟ್ ಸಲ ಉಂಡ್ರಿ, ಅಷ್ಟ್ ಸಲ."

ಅವರು ಬದುವಿನ ಈ ತುದಿಯಿಂದ ಆ ತುದಿಗೆ ಹೋದರು, ಬಂದರು, ಮತ್ತೆ ಹೋದರು. ಚಾಚಿ ಅಳುವುದೋ ನಗುವುದೋ ತಿಳಿಯದೆ ರೊಟ್ಟಿ ಹಿಡಿದೇ ಕುಳಿತಿದ್ದರು. ಆಮೇಲೆ ಚಾಚಾ ಫೋನ್ ತೆಗೆದರು. ನಾಳೆ ಬರಬೇಡಿ ಅನ್ನುತ್ತಾರೆಂದೇ ನಾನು ತಿಳಿದೆ.

"ಸರ, ನಾಳೆ ತಪ್ಪಸಬ್ಯಾಡ್ರಿ. ಹತ್ತೂದಿಲ್ಲ. ಅದನ್ನ ನೋಡಾಕ ಬರ್ರಿ."

ಉಪನ್ಯಾಸಕರು ಬಂದರು, ಓಣಿಯೂ ಬಂತು. ಅವರು ಬಗ್ಗಿ ನೋಡಿ ಸಂಕೋಚದಿಂದ "ಇಲ್ರಿ" ಅಂದರು. ಯಾರೋ ನಕ್ಕರು. ಬೆನ್ನು ಮಾಡಿ ನಿಂತಿದ್ದ ಚಾಚಾ ಈ ಕಡೆ ತಿರುಗಿದರು. "ಹಾಂ, ಇದು ಖರೆ. ಇನ್ನ ಇಲ್ಲಿಂದ ಸುರು." ಅಂದಿನಿಂದ ಒಂದು ನಿಯಮವೂ ಆಯಿತು: ಮೊದಲು ಊಟ, ಆಮೇಲೆ ಪರೀಕ್ಷೆ.

ಮುಂದಿನ ತಿಂಗಳುಗಳಲ್ಲಿ ಜೋಡಿ ಜೋಡಿ ಸುರುಳಿ ಸುತ್ತಿ ಹೊರ್ತಿ, ಮಸೂತಿ, ಮುದ್ದೇಬಿಹಾಳದ ಗುರುತಿನವರಿಗೆ, ಬಸ್ಸಿನಲ್ಲಿ ಮಾತಿಗೆ ಸಿಕ್ಕವರಿಗೂ ಕೊಟ್ಟು ಬಂದರು. "ನಿಮ್ಮ ನೆಲದಾಗ ಏನಾಗತೈತಿ ಹೇಳ್ರಿ" ಎಂದಷ್ಟೇ ಕೇಳುತ್ತಿದ್ದರು. ಉತ್ತರ ಬರುವ ಮೊದಲೇ, ಜನವರಿಯ ಒಂದು ಬೆಳಿಗ್ಗೆ ಸವಾಲಿನ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಮನೆಯಲ್ಲಿ ಒಂದು ಸುರುಳಿ ಅರ್ಧ ಸುತ್ತಿದ್ದು ಹಾಗೇ ಇತ್ತು. ಉಳಿದರ್ಧ ನಾನು ಸುತ್ತಿದೆ.

ಭಾನುವಾರ ಈಗಲೂ ತೋಟಕ್ಕೆ ಹೋಗುತ್ತೇವೆ. ಬೆನ್ನು ಮಾಡಿ ನಿಲ್ಲುವವಳು ನಾನು, ಬಗ್ಗಿ ನೋಡುವವರು ಚಾಚಿ. "ಇಲ್ಲವಾ," ಅನ್ನುತ್ತಾರೆ, ಪ್ರತಿ ಸಲ, ಎಷ್ಟೇ ಹಸಿವಾಗಿದ್ದರೂ.

ಆ ಸುರುಳಿಗಳು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ, ತಗಡು ಹೂಳದೆ ಪರೀಕ್ಷೆ ಮಾಡಿ ಬರೆಯಿರಿ. ಹತ್ತಲಿಲ್ಲ ಎಂದರೂ ಬರೆಯಿರಿ. ಅವರು ಅದಕ್ಕೂ ಕಾಯುತ್ತಿದ್ದರು. ಹತ್ತಿತು ಎಂದರೆ, ಬಗ್ಗಿ ನೋಡಿದವರು ಯಾರು, ಅಷ್ಟೊತ್ತಿಗೆ ಮನೆಯವರ ಊಟ ಆಗಿತ್ತೇ, ಅದನ್ನೂ ತಿಳಿಸಿ.