ಗಾಡಿ ಬಿಟ್ಟು ಹಾರದವನು

ನನ್ನ ವಯಸ್ಸಿನ ಗಂಡಸು ಮೊಬೈಲಿನಲ್ಲಿ ಆಟ ಆಡುತ್ತಾನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ನಗಲಿ ಬಿಡಿ. ಜೆಸಿಬಿ ಓಡಿಸಲು ಶುರುಮಾಡಿ ನನಗೆ ಇಪ್ಪತ್ತು ವರ್ಷವಾಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ನಾನು ಅಗೆಯದ ಊರಿಲ್ಲ ಅಂದರೆ ಸ್ವಲ್ಪ ಜಾಸ್ತಿಯಾದೀತು, ಆದರೆ ತೀರಾ ಸುಳ್ಳಲ್ಲ. ಕೃಷಿ ಹೊಂಡ ತೋಡುವುದು, ಪೈಪ್‌ಲೈನಿಗೆ ಕಾಲುವೆ ಹೊಡೆಯುವುದು, ಹಳೇ ಗೋಡೆ ಕೆಡವುವುದು, ಇದೇ ಕೆಲಸ. ಕೆಲಸ ಇದ್ದ ಊರಲ್ಲೇ ಊಟ, ಅಲ್ಲೇ ಯಾರದೋ ಪಂಪ್‌ಸೆಟ್ ಮನೆಯಲ್ಲಿ ನಿದ್ದೆ. ದಿನವಿಡೀ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತು ಕೂತು ಮಾತೇ ಮರೆತುಹೋಗುತ್ತದೆ. ಆಟದೊಳಗೂ ನಾನು ಮಾತಾಡುತ್ತಿದ್ದದ್ದು ಒಬ್ಬಳ ಜೊತೆ ಮಾತ್ರ. ಅವಳು ನನ್ನ ಮಗಳು, ಒಂಬತ್ತನೇ ಕ್ಲಾಸು. ಜಗಳೂರಿನಲ್ಲಿ ಅವಳಮ್ಮ ಮತ್ತು ಅಜ್ಜಿಯ ಜೊತೆ ಇದ್ದಾಳೆ.

ಹೆಂಡತಿ ಬಿಟ್ಟು ಹೋಗಿ ಮೂರು ವರ್ಷ. ಜಗಳ ಕುಡಿತದ್ದಲ್ಲ, ಇನ್ನೊಬ್ಬಳದ್ದೂ ಅಲ್ಲ, ಗಾಡಿಯದು. ಮಗಳು ಡೆಂಗಿ ಜ್ವರ ಬಂದು ದಾವಣಗೆರೆಯಲ್ಲಿ ಆಸ್ಪತ್ರೆ ಸೇರಿದ್ದಳು. ನಾನು ಹೊನ್ನಾಳಿಯ ಹೊಂಡ ಮುಗಿಸಿ, ಗಾಡಿ ತೊಳೆದು ನಿಲ್ಲಿಸಿ, ನಾಲ್ಕನೇ ದಿನಕ್ಕೆ ಹೋದೆ. ಹೆಂಡತಿ ಕೂಗಾಡಲಿಲ್ಲ. "ಆ ಗಾಡಿನೇ ಕಟ್ಕೊಂಡು ಬಾಳು ಹೋಗು" ಅಂದಳು, ಅಷ್ಟೇ. ಆಸ್ಪತ್ರೆಯಿಂದ ಸೀದಾ ಮಗಳನ್ನು ಕರಕೊಂಡು ತವರಿಗೆ ಹೋದಳು. ವಾಪಸ್ ಕರೆಯಲು ಹೋದವನು ತಲೆ ತಗ್ಗಿಸಿ ಕರೆಯಬೇಕಿತ್ತು. ನನಗೆಲ್ಲಿ ಬರುತ್ತದೆ ಅದು! ಬಾಗಿಲಲ್ಲಿ ನಿಂತು ಅತ್ತೆಗೆ ಅನ್ನಬಾರದ್ದೆಲ್ಲ ಅಂದೆ, ಬೀದಿಯವರು ಹೊರಗೆ ಬಂದು ನೋಡುವ ಹಾಗೆ. ಅವತ್ತಿನಿಂದ ಆ ಮನೆಯ ಬಾಗಿಲು ನನಗಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿಕೊಂಡು, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದರು.

ಹೋದ ವರ್ಷ ಎರಡೂ ಕಡೆಗೆ ಬೇಕಾದವರ ಮದುವೆಯೊಂದು ದಾವಣಗೆರೆಯಲ್ಲಿತ್ತು. ಅವಳಮ್ಮ ಊಟದ ಪಂಕ್ತಿಗೆ ಕೂತಾಗ ಮಗಳು ಬಂದು ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡಳು. ಕಂಬದ ಮರೆಯಲ್ಲಿ ನಿಂತು ಒಂದು ಆಟ ಹಾಕಿಕೊಟ್ಟಳು. "ಫೋನ್ ಮಾಡಬ್ಯಾಡಪ್ಪ, ಅಜ್ಜಿ ಎತ್ಕೋತಾಳೆ. ದಿನಾ ಐದೂವರೆಗೆ ಇದ್ರಾಗೆ ಬಾ. ಅಜ್ಜಿ ಫೋನ್ ಮನ್ಯಾಗೆ ಬಿಟ್ಟು ಡೇರಿಗೆ ಹಾಲು ಹಾಕಾಕೆ ಹೋಗಿರ್ತಾಳೆ, ಅಮ್ಮ ಬರೋದು ಆರಕ್ಕೆ" ಅಂದಳು. ಹಾಗೆ ನಮಗೆ ದಿನಕ್ಕೆ ಅರ್ಧ ಗಂಟೆ ಸಿಕ್ಕಿತು.

ಆಟದ ಬಗ್ಗೆ ಹೇಳಬೇಕು. ಯಾವುದೋ ದೂರದ ಗ್ರಹ. ಒಂದು ಕಡೆ ಆರು ಜನ, ಇನ್ನೊಂದು ಕಡೆ ಆರು ಜನ. ಮೊದಲು ಎಲ್ಲರೂ ಕಾಲ್ನಡಿಗೆಯ ಸೈನಿಕರು. ಗೋಡೆಯ ಮೇಲೆ ಅಡ್ಡಡ್ಡ ಓಡುತ್ತಾರೆ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ನೆಗೆಯುತ್ತಾರೆ, ಓಡುತ್ತಲೇ ಗುಂಡು ಹಾರಿಸುತ್ತಾರೆ. ಕಣ್ಣು ಮಿಟುಕಿಸಿದರೆ ಸತ್ತೆ ಅಂತಲೇ. ಸ್ವಲ್ಪ ಹೊತ್ತಾದ ಮೇಲೆ ಗುಂಡಿ ಒತ್ತಿದರೆ ಆಕಾಶದಿಂದ ಧೊಪ್ಪಂತ ಒಂದು ಉಕ್ಕಿನ ಗಾಡಿ ಬಂದು ಬೀಳುತ್ತದೆ. ಮೂರು ಅಂತಸ್ತಿನ ಎತ್ತರ, ಎರಡು ಕೈ, ಎರಡು ಕಾಲು. ಎದೆಯ ಬಾಗಿಲು ತೆರೆದುಕೊಂಡು ನಮ್ಮನ್ನು ಒಳಗೆ ಕೂರಿಸಿಕೊಳ್ಳುತ್ತದೆ. ಮೊದಲ ದಿನ ನಾನು ಬೈದಿದ್ದೇ ಬೈದಿದ್ದು. ಅಷ್ಟು ಭಾರದ ಗಾಡಿಗೆ ಎರಡು ಕಾಲು ಕೊಟ್ಟಿದ್ದಾನಲ್ಲ, ಇಳಿಜಾರಿನಲ್ಲಿ ಬ್ಯಾಲೆನ್ಸ್ ಇವನಪ್ಪ ಬಂದು ಹಿಡಿಯುತ್ತಾನಾ? ಲಿವರ್ ಹಿಡಿದು ದಪ್ಪಗಾದ ನನ್ನ ಹೆಬ್ಬೆರಳು ಒಂದು ಗುಂಡಿ ಒತ್ತಲು ಹೋಗಿ ಮೂರು ಒತ್ತುತ್ತಿತ್ತು. ಮಗಳೋ ಮಿಂಚು. ನಾನು ಒಂದು ಗೋಡೆ ಹತ್ತುವಷ್ಟರಲ್ಲಿ ಅವಳು ಇಬ್ಬರನ್ನು ಮಲಗಿಸಿ ಬಂದಿರುತ್ತಿದ್ದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುತ್ತಿದ್ದಳು: "ಅಪ್ಪ, ನೀ ಸುಮ್ನೆ ನನ್ ಹಿಂದೆ ಬಾ."

ಎರಡನೇ ದಿನ ಅವಳ ಗಾಡಿ ಬಂದು ಬಿದ್ದಾಗ ಅವಳ ಸೈನಿಕ ಅದರ ಮುಂದೆ ನಿಂತು ಮೂರು ಸಲ ಬಗ್ಗಿ ಎದ್ದ. ಬಗ್ಗುವ ಗುಂಡಿ ಗುಂಡು ತಪ್ಪಿಸಿಕೊಳ್ಳಲು ಇರುವುದು, ನಮಸ್ಕಾರಕ್ಕಲ್ಲ. ಅವಳಿಗೆ ನಾಲ್ಕು ವರ್ಷವಿದ್ದಾಗ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಎತ್ತಿಕೊಂಡು ಹೋಗಿ, ಮೆಟ್ಟಿಲು ಮೂರು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಕಲಿಸಿದ್ದೆ. ಹಾಗೆ ಮಾಡದೆ ನಾನು ಯಾವತ್ತೂ ಗಾಡಿ ಹತ್ತಿದವನಲ್ಲ. ಅವಳು ಅದನ್ನು ಮರೆತಿರಲಿಲ್ಲ. ಅವತ್ತಿನಿಂದ ಇಬ್ಬರೂ ಹಾಗೇ ಮಾಡಿದೆವು. ಶತ್ರುಗಳು ಸುತ್ತ ಗುಂಡಿನ ಮಳೆ ಸುರಿಸುತ್ತಿರುವಾಗ ಅಪ್ಪ ಮಗಳು ಬಗ್ಗಿ ಬಗ್ಗಿ ಕೈ ಮುಗಿಯುತ್ತಿದ್ದೆವು. ಎಷ್ಟೋ ಸಲ ಅಲ್ಲೇ ಸತ್ತೆವು ಕೂಡ.

ಒಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳ. ಗಾಡಿಗೆ ಏಟು ಬಿದ್ದು ಬಿದ್ದು ಕಡೆಗೆ ಒಳಗೆಲ್ಲ ಕೆಂಪು ದೀಪ ಹತ್ತಿಕೊಂಡು ಸೈರನ್ ಬಡಿದುಕೊಳ್ಳುತ್ತದೆ. ಆಗ ಒಂದು ಗುಂಡಿ ಒತ್ತಿದರೆ ಸೈನಿಕ ಆಕಾಶಕ್ಕೆ ಹಾರಿ ಬದುಕಿಕೊಳ್ಳುತ್ತಾನೆ, ಗಾಡಿ ಸುಟ್ಟುಹೋಗುತ್ತದೆ. ಆಡುವವರೆಲ್ಲ ಹಾರುತ್ತಾರೆ. ನಾನು ಹಾರುತ್ತಿರಲಿಲ್ಲ. "ಹಾರಪ್ಪ! ಹಾರು!" ಅಂತ ಅವಳು ಬರೆಯುತ್ತಿದ್ದಳು. ನನ್ನ ಹೆಬ್ಬೆರಳು ಆ ಗುಂಡಿಯ ಕಡೆ ಹೋಗುತ್ತಲೇ ಇರಲಿಲ್ಲ. ಹಿಂದೆ ಗೋವಿನಕೋವಿ ಹತ್ತಿರ ಒಂದು ಏರಿಯ ಮೇಲೆ ನನ್ನ ಗಾಡಿ ಪಕ್ಕಕ್ಕೆ ಜಾರಿತ್ತು. ಸುತ್ತ ನಿಂತವರೆಲ್ಲ ಹಾರ್ರೀ ಹಾರ್ರೀ ಅಂತ ಬಾಯಿ ಬಡಿದುಕೊಂಡರು. ನಾನು ಹಾರದೆ ಅಗೆಯುವ ಬಕೆಟ್ಟನ್ನು ಮಣ್ಣಿಗೆ ಕಚ್ಚಿಸಿ ಗಾಡಿ ನಿಲ್ಲಿಸಿದೆ. ಆ ಕಥೆಯನ್ನು ಮಗಳಿಗೆ ಚಿಕ್ಕಂದಿನಿಂದ ನೂರು ಸಲ ಹೇಳಿದ್ದೆ. ಆಟದಲ್ಲೂ ಅದನ್ನೇ ಬರೆದೆ: "ಗಾಡಿ ಬಿಟ್ಟು ಹಾರೋನು ಆಪರೇಟರ್ ಅಲ್ಲ." ಅವಳು ನಗುವ ಮುಖದ ಚಿತ್ರ ಕಳಿಸಿ, "ಹಂಗಾದ್ರೆ ದಿನಾ ಸಾಯಿ" ಅಂದಳು.

ಈ ವರ್ಷ ಒಂದು ಸೋಮವಾರ ಅವಳು ಬರೆದಳು: "ಅಪ್ಪ, ಶನಿವಾರ ಮೂರು ಗಂಟೆಗೆ ನಮ್ ಸ್ಕೂಲ್ ಗ್ರೌಂಡಾಗೆ ಖೋ ಖೋ ಫೈನಲ್ ಐತೆ. ಅಮ್ಮಂಗೆ ಕೇಳೀನಿ. ಬಂದ್ರೆ ಬರ್ಲಿ ಬಿಡು ಅಂದ್ಲು. ಬರ್ತೀಯಾ?" ಮೂರು ವರ್ಷದಲ್ಲಿ ಹೆಂಡತಿಯ ಬಾಯಿಂದ ನನ್ನ ಬಗ್ಗೆ ಬಂದ ಒಳ್ಳೆಯ ಮಾತು ಅದೊಂದೇ. ಬಂದೇ ಬರ್ತೀನಿ ಅಂದೆ. ಚನ್ನಗಿರಿ ಪೇಟೆಗೆ ಹೋಗಿ ಒಂದು ಹೊಸ ಶರ್ಟು ತಂದೆ. ಐದು ದಿನವೂ ಮಗಳು ಆಟ ಶುರುವಾಗುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಪಕ್ಕಾ ತಾನೆ?"

ಶನಿವಾರ ಬೆಳಿಗ್ಗೆ ಚನ್ನಗಿರಿ ಪಕ್ಕದ ಹಳ್ಳಿಯಲ್ಲಿ ಹೊಂಡದ ತಳದಲ್ಲಿದ್ದಾಗ ಗಾಡಿಯ ಹೈಡ್ರಾಲಿಕ್ ಪೈಪು ಒಡೆಯಿತು. ಎಣ್ಣೆಯೆಲ್ಲ ಸುರಿದು ಬಕೆಟ್ ಮೇಲೇಳದೆ ಕೂತಿತು. ಹೊಲದ ಯಜಮಾನರಿಗೆ ನನ್ನ ಮಗಳ ಖೋ ಖೋ ಫೈನಲಿನ ವಿಷಯ ಗೊತ್ತಿತ್ತು. "ಮೆಕ್ಯಾನಿಕ್ ಬರ್ತಾನ್ರೀ, ನಾನೇ ನಿಂತು ಮಾಡಿಸ್ತೀನಿ. ನೀವು ಹೊರಡ್ರಿ" ಅಂದರು. ಒಂದು ಸಲವಲ್ಲ, ಮೂರು ಸಲ ಅಂದರು. ಜೆಸಿಬಿ ಮಾಲೀಕನೂ ಫೋನಿನಲ್ಲಿ ಅದನ್ನೇ ಹೇಳಿದ. ಆದರೆ ಪೈಪು ಹಾಕಿದ ಮೇಲೆ ಮೆಕ್ಯಾನಿಕ್ ಲಿವರ್ ಎಳೆದು ನೋಡಬೇಕು. ಅಂದರೆ ನನ್ನ ಸೀಟಿನಲ್ಲಿ ಕೂರಬೇಕು. ನಮ್ಮಲ್ಲಿ ಒಬ್ಬ ಆಪರೇಟರನ ಸೀಟಿಗೆ ಅವನಿಲ್ಲದಾಗ ಇನ್ನೊಬ್ಬ ಕೂರುವುದಿಲ್ಲ, ಕೂರಲು ನಾವು ಬಿಡುವುದೂ ಇಲ್ಲ. ಹತ್ತಕ್ಕೆ ಮುಗಿಯುತ್ತದೆ, ಆರಾಮಾಗಿ ಹೋಗಬಹುದು ಅಂತ ನಿಂತೆ. ಮೆಕ್ಯಾನಿಕ್ ಬಂದಿದ್ದೇ ಹನ್ನೊಂದಕ್ಕೆ. ನಾನೇ ಸೀಟಿನಲ್ಲಿ ಕೂತು, ಬಕೆಟ್ ಎತ್ತಿ ಇಳಿಸಿ ನೋಡಿ, ಗಾಡಿಯಿಂದ ಇಳಿದಾಗ ಒಂದೂವರೆ. ನನಗೆ ಯಾರೂ ಅಡ್ಡ ಬರಲಿಲ್ಲ. ಈಗಲೂ ಯಾರ ಮೇಲಾದರೂ ತಪ್ಪು ಹೊರಿಸೋಣ ಅಂದರೆ ಒಬ್ಬರೂ ಸಿಗುವುದಿಲ್ಲ.

ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು. ಶಾಲೆಯ ಗೇಟು ಮುಟ್ಟಿದಾಗ ಐದು ದಾಟಿತ್ತು. ಮೈದಾನದಲ್ಲಿ ಎರಡು ಕಂಬ, ಸುಣ್ಣದ ಗೆರೆ, ಖಾಲಿ ನೀರಿನ ಪ್ಯಾಕೆಟ್ಟು. ವಾಚ್‌ಮನ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ಖೋ ಖೋ ಮುಗೀತೇನ್ರೀ?" ಅಂದೆ.

"ಆಗ್ಲೇ ಮುಗೀತ್ರೀ. ನಮ್ ಹುಡುಗೀರೇ ಗೆದ್ರು. ಒಂದ್ ಹುಡುಗಿ ಮಾತ್ರ ಕಪ್ಪು ಹಿಡ್ಕೊಂಡು ಗೇಟಿನ ಹತ್ರಾನೇ ನಿಂತಿತ್ತು ನೋಡ್ರಿ, ಎಲ್ಲಾರೂ ಹೋದ್ಮ್ಯಾಲೂ. ಅವರಮ್ಮ ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋದ್ಲು. ನೀವ್ಯಾರು ಆಗಬೇಕ್ರೀ?"

ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ಕಾಂಪೌಂಡಿನ ಪಕ್ಕ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಐದೂವರೆ ಆಯಿತು. ಮೊಬೈಲ್ ತೆಗೆದೆ. ಅವಳು ಬರುತ್ತಾಳೆ ಅಂತ ಅಂದುಕೊಂಡಿರಲಿಲ್ಲ, ಆದರೆ ಬಂದಿದ್ದಳು. "ಗೆದ್ರಂತಲ್ಲ ಮಗಳೇ" ಅಂತ ಬರೆದೆ. ಅದರ ಹಿಂದೆಯೇ "ಗಾಡಿ ಕೆಟ್ಟಿತ್ತು" ಅಂತ ಬರೆದೆ. ಬರೆದ ಕೂಡಲೇ ಅಳಿಸಬೇಕು ಅನ್ನಿಸಿತು, ಆದರೆ ಅದು ಹೋಗಿಯಾಗಿತ್ತು.

ಗಾಡಿಗಳು ಬಂದು ಬಿದ್ದವು. ನಾನು ಮೂರು ಸಲ ಬಗ್ಗಿದೆ. ಅವಳು ಬಗ್ಗಲಿಲ್ಲ, ಸೀದಾ ಹತ್ತಿದಳು. ಯಾರನ್ನೂ ಕಾಯದೆ ಒಬ್ಬಳೇ ಶತ್ರುಗಳ ನಾಲ್ಕು ಗಾಡಿ ನಿಂತಿದ್ದ ಬಯಲಿಗೆ ನುಗ್ಗಿದಳು. ನಾನು ಹಿಂದೆ ಓಡಿದೆ. ನನ್ನ ಗಾಡಿ ನಿಧಾನ, ನನ್ನ ಬೆರಳು ಇನ್ನೂ ನಿಧಾನ. ಅವಳ ಗಾಡಿಯಿಂದ ಹೊಗೆ ಎದ್ದಿತು, ಮೈಯೆಲ್ಲ ಕೆಂಪಾಯಿತು. ಅವಳಷ್ಟು ಚೆನ್ನಾಗಿ ಹಾರುವವರನ್ನು ನಾನು ಆ ಆಟದಲ್ಲಿ ನೋಡಿಲ್ಲ.

"ಹಾರು" ಅಂತ ಬರೆದೆ. "ಹಾರು ಮಗಳೇ."

ಅವಳು ಹಾರಲಿಲ್ಲ. ಗಾಡಿಯೊಳಗೇ ಕೂತಳು. ಪರದೆಯೆಲ್ಲ ಒಂದು ಕ್ಷಣ ಬೆಳ್ಳಗಾಯಿತು. ಆಮೇಲೆ ಕೆಳಗೆ ಅವಳ ಮಾತು ಮೂಡಿತು.

"ಗಾಡಿ ಬಿಟ್ಟು ಹಾರೋಳು ಆಪರೇಟರ್ ಅಲ್ಲ ಅಪ್ಪ."

ಅಷ್ಟು ಬರೆದು ಆಟದಿಂದ ಹೊರಗೆ ಹೋದಳು. ನಾನು ಹೊಸ ಶರ್ಟಿನ ತೋಳಿನಲ್ಲಿ ಕಣ್ಣು ಒರೆಸಿಕೊಂಡೆ. ಎಣ್ಣೆ ಕೈಯಲ್ಲೇ ಹಾಕಿಕೊಂಡು ಬಂದಿದ್ದೆ, ತೋಳೆಲ್ಲ ಕಲೆಯಾಗಿತ್ತು. ಅವಳ ಮನೆ ಅಲ್ಲಿಂದ ಎರಡೇ ಬೀದಿ. ಹೋಗಬೇಕಿತ್ತು. ಅತ್ತೆ ಬೈದರೆ ಬೈಸಿಕೊಂಡು, ಬಾಗಿಲಲ್ಲೇ ಕೂತು ಬಿಡಬೇಕಿತ್ತು. ಅದೆಲ್ಲ ಈಗ ಗೊತ್ತಾಗುತ್ತದೆ. ಅವತ್ತು ಮಾಲೀಕನ ಫೋನು ಬಂತು, ಬೆಳಿಗ್ಗೆ ಏಳಕ್ಕೆ ಗಾಡಿ ಹೊಂಡದಿಂದ ಮೇಲೆ ಬರಬೇಕು ಅಂದ. ಆಯ್ತು ಅಂದೆ. ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ದಾವಣಗೆರೆ ಬಸ್ಸು ಹತ್ತಿದೆ.